ಚೆನ್ನಾಗಿ ಓಡುತ್ತಿದ್ದ ಕರುಳು

ನನ್ನ ಮೂರ್ಖತನವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಚೆನ್ನಾಗಿ ಓಡುತ್ತಿರುವ ಯಂತ್ರಗಳನ್ನು ನಿಲ್ಲಿಸಿ, ಬಿಚ್ಚಿ, ಅವುಗಳ ಹೊಟ್ಟೆಯೊಳಗೆ ಟಾರ್ಚು ಬಿಟ್ಟು ನೋಡುವುದಕ್ಕೆಂದೇ ನೇಮಕಗೊಂಡ ನಾನು, ನನ್ನ ಹೊಟ್ಟೆಯೊಳಗೆ ಟಾರ್ಚು ಬಿಡಿಸಿಕೊಳ್ಳುವುದನ್ನು ಮಾತ್ರ ಎರಡು ಆಯುಧಪೂಜೆಗಳಷ್ಟು ಕಾಲ ಮುಂದೂಡಿದೆ.

ಯಂತ್ರ ನಿಲ್ಲಿಸಲು ಹೋದಾಗಲೆಲ್ಲ ನಮ್ಮ ಲೇತ್ ಯಂತ್ರದ ಬಸಣ್ಣ, ಗದಗದ ಕಡೆಯವರು, ಸೊಂಟದ ಮೇಲೆ ಕೈಯಿಟ್ಟು ಹೇಳುವುದು ಒಂದೇ ವಾಕ್ಯ: "ಛಲೋ ಓಡಾಕತ್ತೈತಲ್ರೀ ಸಾಹೇಬ್ರ, ಸುಮ್ನ ಯಾಕ್ ಬಿಚ್ಚತೀರಿ?" ಅದೇ ಬಸಣ್ಣ ಆಯುಧಪೂಜೆಯಂದು ಮಾತ್ರ ತಾವೇ ಲೇತು ನಿಲ್ಲಿಸಿ, ತೊಳೆದು, ಕುಂಕುಮವಿಟ್ಟು ಕುಂಬಳಕಾಯಿ ಒಡೆಯುತ್ತಾರೆ. ಅವರ ದನಿಯನ್ನು ಮೀಸೆಯ ಕೊಂಕಿನ ಸಮೇತ ಕ್ಯಾಂಟೀನಿನಲ್ಲೂ ಜಾಲಹಳ್ಳಿಯ ನಮ್ಮ ಮನೆಯಲ್ಲೂ ಅಭಿನಯಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅನುಕರಣೆ ಅಪಾಯದ ವಿದ್ಯೆ, ಓದುಗರೇ. ಬಾಡಿಗೆಗೆ ಬಂದ ದನಿ ಯಾವಾಗ ಮನೆಯ ಯಜಮಾನನಾಗುತ್ತದೋ ತಿಳಿಯುವುದಿಲ್ಲ.

ಕಾಲೇಜಿನ ದಿನಗಳಿಂದಲೂ ನನ್ನ ದೊಡ್ಡ ಕರುಳಿಗೆ ಉರಿಯೂತದ ಕಾಯಿಲೆ. ಔಷಧಿಯ ದೆಸೆಯಿಂದ ಅದು ಸಜ್ಜನನಾಗಿ ವರ್ಷಗಳಾಗಿವೆ. ಆದರೆ ನಮ್ಮ ಡಾಕ್ಟರಮ್ಮ ಬಿಡುವವರಲ್ಲ: ಈ ಉರಿಯೂತ ಎಂಟು ಹತ್ತು ವರ್ಷ ಹಳತಾದರೆ ಕರುಳಿನಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚು, ಹೊಟ್ಟೆ ಹಾಯಾಗಿದ್ದಾಗಲೂ ಆಗಾಗ ಕರುಳಿನೊಳಗೆ ದೀಪ, ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿ ಮಾಡಿಸಬೇಕು, ಕೆಡುವ ಮೊದಲೇ ಕಣ್ಣಿಗೆ ಬಿದ್ದರೆ ತೆಗೆದುಹಾಕಬಹುದು ಎನ್ನುತ್ತಾರೆ. ಈ ಪಾಠವನ್ನೂ ನಾನು ಕನ್ನಡಕ ಮೂಗಿಗೆ ಜಾರಿಸಿಕೊಂಡು ಅನುಕರಿಸಿದೆನೇ ಹೊರತು ಅನುಸರಿಸಲಿಲ್ಲ.

ಈ ಸಲ ಹೆಂಡತಿ ಸುಮಾ ದಿನ ಗೊತ್ತುಮಾಡಲು ಫೋನು ಹಿಡಿದಾಗ ನಾನೆಂದೆ, "ಚೆನ್ನಾಗಿ ಓಡ್ತಾ ಇದೆಯಲ್ಲೇ, ಸುಮ್ನೆ ಯಾಕೆ ಬಿಚ್ಚಿಸೋದು?"

ಅವಳು ಬಿದ್ದು ಬಿದ್ದು ನಕ್ಕಳು. "ಬಸಣ್ಣನ್ನ ಸಕ್ಕತ್ತಾಗಿ ಮಾಡ್ತೀಯ ಕಣೋ!"

ನಾನು ಬಸಣ್ಣನನ್ನು ಮಾಡಿರಲಿಲ್ಲ. ಅದು ನನ್ನದೇ ದನಿ. ಮರುವಾರವೇ ಆಸ್ಪತ್ರೆಗೆ ಹೋದೆ.

ಕರುಳು ತೊಳೆಯುವ ಉಪ್ಪುಪ್ಪು ನೀರು ಕುಡಿದು ಮಂಚಕ್ಕೂ ಬಚ್ಚಲಿಗೂ ನಡುವೆ ಕೈಗೊಂಡ ಪಾದಯಾತ್ರೆಯ ವರ್ಣನೆಯನ್ನು ಸಭ್ಯತೆಯ ದೃಷ್ಟಿಯಿಂದ ಬಿಡುತ್ತೇನೆ. ಒಂದೆಡೆ ಕರುಳಿನ ಒಳಪೊರೆ ಅನುಮಾನ ಹುಟ್ಟಿಸುವಂತಿದೆಯೆಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವ ತನಕ ನನ್ನ ಗಂಟಲಿನಿಂದ ಯಾರ ದನಿಯೂ ಹೊರಡಲಿಲ್ಲ. ಕೊನೆಗೆ ಬಸಣ್ಣನೇ ಹತ್ತಿರ ಬಂದು, "ಯಾಕ್ರೀ ಸಾಹೇಬ್ರ, ಈ ವಾರ ನನ್ನ ಅಣಕಸಲೇ ಇಲ್ಲ? ಆರಾಮ ಅದೀರಿಲ್ಲೋ?" ಎಂದು ವಿಚಾರಿಸಿದರು.

ವರದಿ ಬಂತು: ಹಳೆಯ ಉರಿಯೂತದ ಗುರುತು, ಅಷ್ಟೇ. ಕ್ಯಾನ್ಸರ್ ಇಲ್ಲ, ಅದರ ಮುನ್ಸೂಚನೆಯೂ ಇಲ್ಲ. ಆದರೂ ಮುಂದಿನ ವರ್ಷ ಮತ್ತೊಮ್ಮೆ ನೋಡೋಣವೆಂದರು ಡಾಕ್ಟರಮ್ಮ. ದನಿ ಮರಳಿದ ಉಮೇದಿನಲ್ಲಿ ನಾನು ಅಲ್ಲೇ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಇಲ್ಲದ ಮೀಸೆ ಕೊಂಕಿಸಿ, "ಛಲೋ ಓಡಾಕತ್ತೈತಲ್ರೀ, ಮತ್ಯಾಕ್ ಬಿಚ್ಚತೀರಿ?" ಎಂದುಬಿಟ್ಟೆ.

ಡಾಕ್ಟರಮ್ಮ ನಗು ತಡೆದುಕೊಂಡು ಬರೆಯುತ್ತಲೇ ಇದ್ದರು. ಸುಮಾ ಮಾತ್ರ ಈ ಬಾರಿ ನಗಲಿಲ್ಲ.

"ಹೋದ್ ವರ್ಷ ಕುಂಬಳಕಾಯಿ ಒಡೆದಾಗಿದೆ ಅಂತ ನಿಮ್ಮ ಫ್ಯಾಕ್ಟರೀಲಿ ಈ ವರ್ಷ ಆಯುಧಪೂಜೆ ಬಿಡ್ತಾರೇನೋ?"