ಬರೆದವರ ಕೈಗೇ ಹೋದ ಲೇಖನ

ಅವಳನ್ನು ಆಫೀಸಿನಲ್ಲಿ ಎಲ್ಲರೂ ರಬ್ಬರ್ ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದದ್ದು. ಎದುರಿಗೇ ಕರೆದರೂ ಬೇಸರ ಮಾಡಿಕೊಂಡವಳಲ್ಲ. ಕೆಲಸವೇ ಅಂಥದು, ಹೆಸರು ಅಳಿಸುವುದು.

ಅದು ಇತಿಹಾಸದ ಪತ್ರಿಕೆಯೊಂದರ ಆಫೀಸು. ಕಾಲೇಜಿನ ಹಿಂಭಾಗದಲ್ಲಿ, ಮೆಟ್ಟಿಲ ಪಕ್ಕದ ಎರಡು ಕೋಣೆ. ಒಂದರಲ್ಲಿ ಸಂಪಾದಕರು, ಇನ್ನೊಂದರಲ್ಲಿ ಇವಳು ಮತ್ತು ಇವಳ ಮೊಣಕಾಲೆತ್ತರದ ಕಾಗದದ ಕಟ್ಟುಗಳು. ರಾಜರು ಹೊಡೆದಾಡಿದ ಇತಿಹಾಸ ಅಲ್ಲಿಗೆ ಬರುತ್ತಿರಲಿಲ್ಲ. ಸಕ್ಕರೆ ಎಲ್ಲಿ ಹುಟ್ಟಿ ಯಾವ ಯಾವ ಸಮುದ್ರ ದಾಟಿತು, ಒಂದು ಜ್ವರ ಯಾವ ಹಡಗು ಹತ್ತಿ ಯಾವ ಊರಲ್ಲಿ ಇಳಿಯಿತು, ಇಂಥವು. ಒಂದು ದೇಶದೊಳಗೆ ಹಿಡಿಸದ ಕಥೆಗಳು.

ಲೇಖನ ಬಂದ ಕೂಡಲೇ ಬರೆದವರ ಹೆಸರಿರುವ ಮೊದಲ ಹಾಳೆ ಕಿತ್ತು ಬೀರುವಿನಲ್ಲಿಡಬೇಕು. ಉಳಿದದ್ದಕ್ಕೆ ಬರೀ ನಂಬರು ಹಾಕಿ, ಆ ವಿಷಯ ಬಲ್ಲ ಇನ್ನೊಬ್ಬರಿಗೆ ಕಳಿಸಬೇಕು. ಅವರು ಓದಿ, ಅಚ್ಚು ಹಾಕಬಹುದೋ ಬೇಡವೋ ಹೇಳುತ್ತಾರೆ. ಬರೆದವರು ಯಾರೆಂದು ಓದುವವರಿಗೂ ತಿಳಿಯಬಾರದು, ಓದಿದವರು ಯಾರೆಂದು ಬರೆದವರಿಗೂ ತಿಳಿಯಬಾರದು. ಹೊಸತರಲ್ಲಿ ಇದನ್ನು ಅತ್ತೆಗೆ ವಿವರಿಸಿದಾಗ ಮುದುಕಿಗೆ ಥಟ್ಟನೆ ಅರ್ಥವಾಗಿತ್ತು. ಯಾವ ಸೊಸೆ ಮಾಡಿದ್ದು ಅಂತ ಹೇಳದೆ ಬಡಿಸಿ, ಉಪ್ಪು ಸರಿಯಿದೆಯಾ ಅಂತ ಕೇಳಿದ ಹಾಗೆ ಅಂದರು. ನಮ್ಮ ಮನೆಯಲ್ಲೂ ಹಾಗೇ ಮಾಡಿದ್ದರೆ ನಿನ್ನ ಓರಗಿತ್ತಿಯ ಬಣ್ಣ ಯಾವತ್ತೋ ಬಯಲಾಗುತ್ತಿತ್ತು ಅಂತಲೂ ಸೇರಿಸಿದರು.

ಚಿಕ್ಕಮ್ಮ ಹೆಸರನ್ನು ಕಟ್ಟಿನಿಂದಷ್ಟೇ ಅಲ್ಲ, ತಲೆಯಿಂದಲೂ ತೆಗೆದುಹಾಕುತ್ತಿದ್ದಳು. ನಾಳೆ ಯಾರಾದರೂ ಬಾಯಿ ಬಿಡಿಸಲು ಬಂದರೂ ಬಿಡಲು ಏನೂ ಇರಬಾರದು. ಅದೇ ಅವಳ ಹೆಮ್ಮೆ. ಅದೇ ಅವಳ ಕುತ್ತಿಗೆಗೆ ಬಂತು.

ಆ ವರ್ಷ ಸಂಪಾದಕರು ದೂರದೇಶಕ್ಕೆ ಭಾಷಣಕ್ಕೆ ಹೊರಟರು. ವರ್ಷದಿಂದ ಕೂತಿದ್ದ ಅಂಗಿಯ ಚಿಪ್ಪಿನ ಗುಂಡಿಗಳ ಕುರಿತ ಲೇಖನವೊಂದನ್ನು ಓದುವವರು ಇನ್ನೂ ಸಿಕ್ಕಿರಲಿಲ್ಲ. ಅಡಿಟಿಪ್ಪಣಿಗಳಲ್ಲಿ ಯಾರ ಹೆಸರು ಹೆಚ್ಚು ಬಂದಿದೆ ನೋಡಿ ಅವರಿಗೇ ಕಳಿಸಿಬಿಡಿ ಅಂತ ಹೇಳಿ ಟ್ಯಾಕ್ಸಿ ಹತ್ತಿದರು.

ಆ ಲೇಖನ ಅವಳಿಗೆ ಬಹಳ ಹಿಡಿಸಿತ್ತು. ಒಂದು ಸಮುದ್ರದಲ್ಲಿ ಜನ ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ತರುತ್ತಾರೆ. ಇನ್ನೆಲ್ಲೋ ಹೆಂಗಸರು ಅದನ್ನು ಕೊರೆದು ಗುಂಡಿ ಮಾಡುತ್ತಾರೆ. ಮತ್ತೆಲ್ಲೋ ಅದು ಸಿಪಾಯಿಯ ಅಂಗಿಗೆ ಏರುತ್ತದೆ. ಓದಿದ ದಿನ ಗಂಡನ ಅಂಗಿಗಳನ್ನೆಲ್ಲ ಹೊರಗೆಳೆದು ಗುಂಡಿ ತಿರುಗಿಸಿ ನೋಡಿದ್ದಳು. ಎಲ್ಲ ಪ್ಲಾಸ್ಟಿಕ್ಕು.

ಟಿಪ್ಪಣಿಗಳಲ್ಲಿ ಒಬ್ಬ ವಿದ್ವಾಂಸೆಯ ಹೆಸರು ಪುಟಪುಟಕ್ಕೂ ಇತ್ತು. ಇವರಿಗಿಂತ ಬಲ್ಲವರು ಬೇರೆ ಯಾರು ಅಂದುಕೊಂಡು ವಿಳಾಸ ಹುಡುಕಿ ಅಂಚೆಗೆ ಹಾಕಿದಳು. ನಿಮ್ಮ ಲೇಖನ ಓದಲು ಹೋಗಿದೆ ಅಂತ ಬರೆದವರಿಗೂ ತಿಳಿಸಬೇಕಲ್ಲ, ಕೆಲ ದಿನ ಬಿಟ್ಟು ಬೀರು ತೆಗೆದು ಮೊದಲ ಹಾಳೆ ನೋಡಿದರೆ ಅದೇ ಹೆಸರು, ಅದೇ ಬೀದಿ, ಅದೇ ಮನೆ. ಆ ಮಹಾತಾಯಿ ತಮ್ಮ ಪುಸ್ತಕಗಳನ್ನೇ ಟಿಪ್ಪಣಿಗಳ ತುಂಬ ತುಂಬಿದ್ದರು.

ಹಿಂದೊಮ್ಮೆ ಗೆಳೆಯರ ಲೇಖನ ಗೆಳೆಯರಿಗೇ ಹೋಗಿ ಪತ್ರಿಕೆ ನಗೆಪಾಟಲಾಗಿತ್ತು. ಆಗ ಇವಳ ಕುರ್ಚಿಯಲ್ಲಿದ್ದವರು ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಇವಳದೋ ವರ್ಷವರ್ಷ ಮುಂದುವರಿಸುವ ಕೆಲಸ. ಸಂಪಾದಕರು ಬಂದ ಮೇಲೆ ಮುಂದಿನ ವರ್ಷದ ಕಾಗದಕ್ಕೆ ಸಹಿ ಬೀಳಬೇಕು. ಗಂಡನಿಗೆ ಹೇಳುವ ಧೈರ್ಯವಾಗದೆ ನೇರ ವಿದ್ವಾಂಸೆಗೇ ಫೋನು ಮಾಡಿದಳು.

"ಮೇಡಂ, ತಪ್ಪಾಗಿ ಬಂದಿದೆ. ಬಿಚ್ಚದೆ ಹಾಗೇ ವಾಪಸ್ ಕಳಿಸಿಬಿಡಿ."

"ಬಿಚ್ಚಾಯ್ತಲ್ಲಮ್ಮ. ಅರ್ಧ ಓದೂ ಆಯ್ತು." ಆ ಕಡೆ ಸಣ್ಣ ನಗು. "ಬರೆದು ಎಷ್ಟು ಕಾಲ ಆಯ್ತು ನೋಡಿ, ಯಾರೋ ಬರೆದ ಹಾಗಿದೆ. ಓದ್ತಾ ಓದ್ತಾ ಸಿಟ್ಟೂ ಬರ್ತಿದೆ."

"ನನ್ನ ಮೇಲಾ ಮೇಡಂ?"

"ಬರೆದವಳ ಮೇಲೆ. ಇಡಿ ಫೋನು, ಮುಗಿಸ್ಬೇಕು."

ಸಂಪಾದಕರು ಊರಿಗೆ ಮರಳುವ ಮುನ್ನ ಕಟ್ಟು ಬಂತು. ಮೇಲೆ ಮೂರು ಪುಟದ ಅಭಿಪ್ರಾಯ. ಲೇಖಕಿ ಒಬ್ಬ ವಿದ್ವಾಂಸೆಯನ್ನು ಅತಿಯಾಗಿ ನಂಬಿದ್ದಾರೆ, ಆಕೆಗೆ ಅಷ್ಟೆಲ್ಲ ಗೊತ್ತಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು, ಅಂತ ಶುರು. ವ್ಯಾಪಾರಿಗಳ ಕಾಗದಪತ್ರ ರಾಶಿ ಬಿದ್ದಿದೆ, ನೀರಿಗೆ ಮುಳುಗಿದವರ ಮಾತು ಒಂದೂ ಇಲ್ಲ. ಆ ತೀರಕ್ಕೆ ಹೋಗಿ ಅವರ ಮೊಮ್ಮಕ್ಕಳನ್ನು ಕಾಣುವ ತನಕ ಅಚ್ಚು ಹಾಕಬೇಡಿ. ಜೊತೆಗೊಂದು ಚೀಟಿ: ಲೇಖನ ಹಿಂದಕ್ಕೆ ಪಡೆಯುತ್ತಿದ್ದೇನೆ, ರೈಲಿಗೆ ಟಿಕೆಟ್ ಆಗಿದೆ.

ಚಿಕ್ಕಮ್ಮ ಅತ್ತೆಗಷ್ಟೇ ವಿಷಯ ಹೇಳಿದಳು. ಸದ್ಯ, ಪೀಡೆ ಕಳೆಯಿತು, ಅಭಿಪ್ರಾಯ ಹರಿದು ಒಲೆಗೆ ಹಾಕು ಅಂದರು ಅತ್ತೆ. ಹಾಗೆ ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಚಿಕ್ಕಮ್ಮ ಆ ಮೂರು ಪುಟವನ್ನು ಮತ್ತೆ ಮತ್ತೆ ಓದಿದ್ದಳು. ತನ್ನನ್ನು ತಾನೇ ಹೀಗೆ ಝಾಡಿಸಿಕೊಂಡವರನ್ನು ಅವಳು ಕಂಡಿರಲಿಲ್ಲ. ಇದನ್ನು ಇನ್ನೊಬ್ಬರು ಓದದೆ ಹೋದರೆ ಹೇಗೆ?

ಸಂಪಾದಕರ ಮೇಜಿನ ಮೇಲಿಟ್ಟಳು. ಅವರು ಓದಿ ಕನ್ನಡಕ ತೆಗೆದರು.

"ಯಾರಿದು? ಇಷ್ಟು ದಾಕ್ಷಿಣ್ಯ ಇಲ್ಲದೆ ಬರೆಯೋರು ಈಗ ಎಲ್ಲಿದ್ದಾರೆ?"

"ಬರೆದವರೇ ಸಾರ್. ನಾನೇ ಅವರಿಗೆ ಕಳಿಸಿಬಿಟ್ಟೆ."

ನಿಂತುಕೊಂಡೇ ನಡೆದದ್ದೆಲ್ಲ ಹೇಳಿದಳು. ಅವರ ಮುಖ ಕೆಂಪಾಯಿತು, ಬೈಯಲು ಬಾಯಿಯೂ ತೆರೆದರು. ಆಮೇಲೆ ಏನನಿಸಿತೋ, ಮೂರು ಪುಟವನ್ನು ಮತ್ತೆ ಮೊದಲಿನಿಂದ ಓದತೊಡಗಿದರು. ಈ ಸಲ ನಿಧಾನವಾಗಿ. ತಮ್ಮದೇ ಲೇಖನ ಅಂತ ಗೊತ್ತಿದ್ದೂ ಬರೆದರಾ ಅಂತ ಒಮ್ಮೆ ಕೇಳಿದರು. ಗೊತ್ತಿದ್ದೇ ಅಂದಳು.

ಸಂಪಾದಕರು ಎದ್ದು ಹೋಗಿ ಬೀರುವಿನ ತಳದಿಂದ ಧೂಳು ಹಿಡಿದ ದಪ್ಪ ಕಟ್ಟೊಂದನ್ನು ಎತ್ತಿ ತಂದರು. ಹಡಗಿನ ಹಗ್ಗಗಳ ಮೇಲೆ ಅವರು ಬರೆಯುತ್ತಿದ್ದ ಪುಸ್ತಕ. ಮಗಳು ಶಾಲೆಗೆ ಹೋಗುವಾಗ ಶುರು ಮಾಡಿದ್ದು. ಈಗ ಮಗಳ ಮಗಳು ಶಾಲೆಗೆ ಹೋಗುತ್ತಿದ್ದಳು.

"ಇದರ ಹೆಸರು ತೆಗೆದು ನಿಮ್ಮ ಹತ್ರ ಇಟ್ಕೊಳ್ಳಿ. ನಾನು ಕೇಳಿದ್ರೂ ಕೊಡಬೇಡಿ. ಮುಂದಿನ ವರ್ಷ ಅಂಚೆಯಲ್ಲಿ ನನಗೇ ಕಳಿಸಿ."

"ಮುಂದಿನ ವರ್ಷ ನಾನಿರ್ತೀನಾ ಸಾರ್?"

"ನೀವಿಲ್ದೆ ಇದನ್ನ ಯಾರಮ್ಮ ಕಳಿಸ್ತಾರೆ?"

ಚಿಕ್ಕಮ್ಮ ಕಟ್ಟನ್ನು ಎರಡೂ ಕೈಯಲ್ಲಿ ಅವಚಿಕೊಂಡು ತನ್ನ ಕೋಣೆಗೆ ಬಂದು, ಧೂಳು ಒರೆಸಿ, ಮೊದಲ ಹಾಳೆ ಕಿತ್ತಳು.