ಪೌಡರ್ ಬಿಟ್ಟ ಪೌಡರ್ ಮಾಮ

ಬೀದಿಯ ಮಕ್ಕಳು ಕಟಿಂಗ್ ಶಾಪಿನವನಿಗೆ ಪೌಡರ್ ಮಾಮ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಕತ್ತರಿ ಕೆಳಗಿಟ್ಟ ಮೇಲೆ ಗಿರಾಕಿಯ ಕುತ್ತಿಗೆಗೆ ಅವನು ಪೌಡರ್ ಹಾಕುವ ಭರಾಟೆಗೆ ಕನ್ನಡಿಯೇ ಮಸುಕಾಗುತ್ತಿತ್ತು. ಮೇಲೊಂದಿಷ್ಟು ಸೆಂಟು. "ನಮ್ಮಂಗಡಿ ಕೆಲಸ ಅಂತ ಮೂಗಿಗೇ ಗೊತ್ತಾಗ್ಬೇಕು" ಎನ್ನುವುದು ಅವನ ಜಂಬ. ಆ ಜಂಬದಷ್ಟೇ ಹಳೆಯದು ಅವನ ಕೆಮ್ಮು. ಅಂಗಡಿಯ ಹಿಂದೆಯೇ ಮನೆ. ಗಂಡ ಒಳಗಿದ್ದಾನೋ ಇಲ್ಲವೋ ಎಂದು ಹೆಂಡತಿ ಕೆಮ್ಮಿನಿಂದಲೇ ತಿಳಿಯುತ್ತಿದ್ದಳು.

ಮಗಳ ಬಾಣಂತನಕ್ಕೆಂದು ಅವಳು ಅಳಿಯನ ಮನೆಗೆ ಹೊರಟಾಗ ಚಳಿ ಆಗಷ್ಟೇ ಶುರುವಾಗಿತ್ತು. ಮಗಳು ಮದುವೆಯಾಗಿ ಹೋದ ಮೇಲೆ ಬಿಕೋ ಎನ್ನುತ್ತಿದ್ದ ಮನೆಗೆ ಅವಳೇ ತಂದುಕೊಂಡಿದ್ದ ಲವ್ ಬರ್ಡ್ಸ್ ಜೋಡಿ ಈಗ ಮಾಮನ ಪಾಲಿಗೆ ಬಂತು.

"ಗಾಳಿ ಬೀಸೋ ಕಡೆ ಇಡ್ಬೇಡಿ. ನೀರಿಗೆ ಚೂರು ಬಿಸಿ ಬೆರೆಸಿ. ಸಂಜೆ ಮೂರು ಕಡೆ ಬಟ್ಟೆ ಮುಚ್ಚಿ, ಒಂದು ಕಡೆ ಬಿಡಿ, ಉಸಿರಾಡ್ಬೇಕಲ್ಲ. ಇವಕ್ಕೇನಾದ್ರೂ ಆದ್ರೆ ನಾನು ಈ ಮನೇಲಿ ಯಾರ ಹತ್ರ ಮಾತಾಡ್ಲಿ?"

"ನಾನಿಲ್ವಾ?"

"ನೀವು ಇಡೀ ದಿನ ಗಿರಾಕಿಗಳ ಹತ್ರ ಮಾತಾಡಿ ಖಾಲಿಯಾಗಿ ಬರ್ತೀರಿ."

ಹೊರಡುವ ಮುನ್ನ ಅವಳು ಪಂಜರದ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದಳು. ಹಕ್ಕಿಗೂ ಉಪದೇಶ ತಪ್ಪಲಿಲ್ಲವಲ್ಲ ಎಂದು ಮಾಮ ಒಳಗೊಳಗೇ ನಕ್ಕ.

ಮನೆಯೊಳಗೆ ಚಳಿ ಕೊರೆಯುತ್ತಿತ್ತು. ಅಂಗಡಿಯಲ್ಲಾದರೆ ಬಿಸಿನೀರು, ಹೀಟರು, ಜನ. ಪಂಜರವನ್ನು ತಂದು ಕನ್ನಡಿಯ ಪಕ್ಕ ಇಟ್ಟ. ಸ್ವಲ್ಪ ದಿನದಲ್ಲೇ ಹೆಣ್ಣು ಹಕ್ಕಿ ಪುಕ್ಕ ಕೆದರಿಕೊಂಡು ಮುದುಡಿ ಕೂತಿತು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಚಳಿಯೇ ಇರಬೇಕೆಂದು ಮಾಮ ಕಿಟಕಿ ಬಾಗಿಲು ಭದ್ರ ಮಾಡಿ ಹೀಟರ್ ಜೋರು ಮಾಡಿದ. ಗಿರಾಕಿಗಳು ಬೆವೆತರು, ಹಕ್ಕಿ ಇನ್ನಷ್ಟು ಸೊರಗಿತು. ಹೆಂಡತಿಗೆ ಯಾವ ಮುಖ ತೋರಿಸಲಿ ಎಂಬ ಚಿಂತೆಯಲ್ಲಿ ಅವನಿಗೆ ಊಟವೇ ಸೇರಲಿಲ್ಲ.

ವಾರದ ರಜೆಯ ದಿನ ಒಬ್ಬನೇ ಕೂತು ಕತ್ತರಿ ಒರೆಸುತ್ತಿದ್ದಾಗ ಹಕ್ಕಿ ಮೆಲ್ಲಗೆ ಚಿಲಿಪಿಲಿ ಎಂದಿತು, ನಾಲ್ಕು ಕಾಳೂ ತಿಂದಿತು. ಮರುದಿನ ಮೊದಲ ಗಿರಾಕಿಯ ಕುತ್ತಿಗೆಗೆ ಪೌಡರ್ ಬಿತ್ತು. ಹಕ್ಕಿಯ ಬಾಲ ಮತ್ತೆ ಆಡತೊಡಗಿತು. ಮಾಮನ ಕೈಯಲ್ಲಿ ಡಬ್ಬಿ ಹಾಗೇ ನಿಂತಿತು.

ಮನೆಗೆ ಒಯ್ದರೆ ಚಳಿ, ಇಲ್ಲಿಟ್ಟರೆ ಪೌಡರು. ಹೆಸರು ತಂದುಕೊಟ್ಟ ಡಬ್ಬಿಯನ್ನು ಅಂದೇ ಕಪಾಟಿನೊಳಗೆ ತಳ್ಳಿದ, ಜೊತೆಗೆ ಸೆಂಟನ್ನೂ. ಅದರ ಬದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಬಂತು.

"ಪೌಡರ್ ಇಲ್ದೆ ಕಟಿಂಗ್ ಮುಗಿದ ಹಾಗೇ ಇಲ್ವಲ್ಲ ಮಾಮ" ಎಂದ ಒಬ್ಬ ಗಿರಾಕಿ.

"ಇಲ್ಲಿ ಇನ್ನಿಬ್ಬರು ಗಿರಾಕಿಗಳಿದಾರಪ್ಪ. ಅವರಿಗೆ ಅದು ಆಗಲ್ಲ."

ಗೊಣಗಿದವನೇ ಟವೆಲಿನ ಸುಖಕ್ಕೆ ಕಣ್ಣು ಮುಚ್ಚಿದ. ಚಳಿ ಇಳಿಯುವ ಹೊತ್ತಿಗೆ ಹಕ್ಕಿಗಳೆರಡೂ ಸೂರು ಹಾರುವ ಹಾಗೆ ಕೂಗುತ್ತಿದ್ದವು, ಪಂಜರವೂ ಮನೆಗೆ ಮರಳಿತ್ತು. ಡಬ್ಬಿ ಮಾತ್ರ ಕಪಾಟಿನಲ್ಲೇ ಉಳಿದಿತ್ತು.

ಹೆಂಡತಿ ವಾಪಸು ಬಂದವಳು ಬ್ಯಾಗು ಹಿಡಿದು ಬಾಗಿಲಲ್ಲೇ ಕಿವಿಗೊಟ್ಟು ನಿಂತಳು.

"ರೀ, ಇದೀರಾ?"

"ಇಲ್ಲೇ ಇದೀನಲ್ಲ."

"ಕೆಮ್ಮೇ ಕೇಳಿಸ್ಲಿಲ್ಲ. ಎಲ್ಲೋ ಹೋಗಿದೀರಿ ಅಂದ್ಕೊಂಡೆ."

ಮಾಮ ಗಂಟಲು ಮುಟ್ಟಿ ನೋಡಿಕೊಂಡ. ಹೌದಲ್ಲ. ಅಷ್ಟು ವರ್ಷದ ಕೆಮ್ಮು ಹೋದದ್ದೇ ಗೊತ್ತಾಗಿರಲಿಲ್ಲ. ಪೌಡರಿನ ಕಥೆ ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂತು.

"ಇವು ಇಲ್ದಿದ್ರೆ ನಾನು ಆ ಡಬ್ಬಿ ಬಿಡ್ತಿದ್ನಾ? ಇವುಗಳ ಋಣ ಹೇಗೆ ತೀರಿಸ್ಲಿ ಹೇಳು."

ಹೆಂಡತಿ ಪಂಜರದ ಹತ್ತಿರ ಬಗ್ಗಿ ಎರಡನ್ನೂ ಮಾತಾಡಿಸಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಹೊರಡೋವಾಗ ಇವುಗಳ ಕಿವೀಲಿ ಹೇಳಿದ್ದು ಅದನ್ನೇ. ನಾನು ಬರೋ ತನಕ ಅವರನ್ನ ಸ್ವಲ್ಪ ನೋಡ್ಕೊಳ್ಳಿ ಅಂತ."