ಹಿಮದೂರಿನ ಹುಡುಗ ಮತ್ತು ಬಸವಣ್ಣೆವ್ವ ಅತ್ತಿ

ತೆಂಗಿನಕಾಯಿ ಕೊಳ್ಳುವಾಗ ಎಲ್ಲರೂ ಅಲ್ಲಾಡಿಸಿ ನೋಡುತ್ತಾರೆ. ಖಾನಾಪುರದ ನಮ್ಮ ಬಸವಣ್ಣೆವ್ವ ಅತ್ತಿ ಕೈಲಾದರೆ ಅಂಗಡಿಯವನನ್ನೂ ಅಲ್ಲಾಡಿಸಿ ನೋಡಿಯಾಳು. ನನ್ನನ್ನು ಸಾಕಿ ಬೆಳೆಸಿದವಳು ಅವಳೇ. ಹಾಗಾಗಿ ಗಂಡು ನನಗೆ ಒಪ್ಪಿಗೆಯಾದರೆ ಸಾಲದು, ಅತ್ತಿಗೂ ಆಗಬೇಕಿತ್ತು.

ಹುಡುಗ ದೇಸೂರಿನ ಅಮರ, ಮನಾಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್. ನೋಡಲು ಬಂದ ದಿನವೇ ನನಗೆ ಹಿಡಿಸಿಬಿಟ್ಟ. ಅತ್ತಿ ಮಾತ್ರ ಅವಲಕ್ಕಿ ತಟ್ಟೆ ಮುಂದಿಟ್ಟು ವಿಚಾರಣೆ ಶುರುಮಾಡಿದಳು.

“ಅಲ್ಲಿ ಮಂದಿ ಬರೂದು ಬರ್ಫದಾಗ ಜಾರಾಕ, ಹೌದಲ್ಲ? ಬರ್ಫ ಕರಗಿದ ಮ್ಯಾಲ ಏನ್ ಮಾಡ್ತೀರಿ?”

“ವರ್ಷಪೂರ್ತಿ ಮಂದಿ ಬರ್ತಾರ್ರಿ ಅತ್ತಿಯಾರ.”

“ಫ್ಯಾಕ್ಟರಿಯವ್ರೂ ಹಿಂಗ ಹೇಳಿದ್ರು,” ಎಂದಳು ಅತ್ತಿ.

ಅವಳ ಗಂಡ ಗುರುಪುತ್ರಪ್ಪ ಮಾಮಾ ಸಕ್ಕರೆ ಕಾರ್ಖಾನೆಯಲ್ಲಿದ್ದವನು. ಕಬ್ಬು ನುರಿಸುವ ಸೀಸನ್ ಮುಗಿದರೆ ಕೆಲಸವಿಲ್ಲ, ಅರ್ಧ ವರ್ಷ ಮನೆಯಲ್ಲೇ. ಕಾಯಂ ಮಾಡುತ್ತೇವೆ ಎಂದವರು ಅವನು ಸಾಯುವವರೆಗೂ ಮಾಡಲಿಲ್ಲ. ಸೀಸನ್ ಎಂದರೆ ಸಾಕು, ಅತ್ತಿಗೆ ಮೈಯೆಲ್ಲ ಉರಿ. “ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡಬೇಕ. ಒಂದ್ ವರ್ಷ ತಡೀರಿ,” ಎಂದು ತೀರ್ಪು ಕೊಟ್ಟಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ವರ್ಷವಿಡೀ ವಿಡಿಯೋ ಕಾಲ್ ತಪಾಸಣೆ. “ಫೋನ್ ಹೊರಗ ತಿರುಗಸ್ರಿ,” ಎನ್ನುವಳು. ಚಳಿಗಾಲದಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುವವರು ಕಂಡರು. ಮೇ ತಿಂಗಳಲ್ಲಿ ಬಿಸಿಲಿಗೆ ಹೆದರಿ ಓಡಿಬಂದ ಜನ, ಹಸಿರು ಬಯಲಲ್ಲಿ ಕುದುರೆ ಸವಾರಿ. “ಇದು ಹ್ವಾದ ವರ್ಷದ ವಿಡಿಯೋ ಇರಬೇಕ,” ಎಂದು ನನ್ನ ಕಿವಿಯಲ್ಲಿ ಉಸುರಿ, ಅಮರನ ಹಿಂದೆ ನಿಂತಿದ್ದ ಗಿರಾಕಿಯೊಬ್ಬನಿಂದ ಕೈ ಬೀಸಿಸಿ ಪರೀಕ್ಷೆ ಮಾಡಿದಳು. ಮಳೆ ಮುಗಿದ ಮೇಲೆ ಸೇಬಿನ ತೋಟ ನೋಡುವವರು; ದಸರೆಗಂತೂ ಕಾಲಿಡಲು ಜಾಗವಿಲ್ಲ. ಪ್ರತಿ ಸಲ ಅಮರ ಅರ್ಧ ಮಾತಿಗೇ “ಗಿರಾಕಿ ಬಂದಾರ್ರಿ, ಆಮ್ಯಾಲ ಮಾತಾಡ್ತೇನ್ರಿ” ಎಂದು ಫೋನ್ ಇಡುತ್ತಿದ್ದ. ನೋಡಿದೆಯಾ ಎಂಬಂತೆ ನಾನು ಅತ್ತಿಯತ್ತ ನೋಡುತ್ತಿದ್ದೆ.

ವರ್ಷ ತುಂಬಿತು. “ಈಗರೆ ನಂಬಿದಿ?” ಎಂದೆ.

ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ನಂಬೇನಿ. ಆ ಊರು ಎಂದೂ ಬಾಗಲಾ ಹಾಕಂಗಿಲ್ಲ, ಖರೇ. ನೇತ್ರಾ, ಸೀಸನ್ ಮುಗದಾಗ ನಿಮ್ಮ ಮಾಮಾ ದಿನಾ ಹೊರಗ ಕಟ್ಟಿ ಮ್ಯಾಲ ಕುಂದರತಿದ್ದ. ನಾ ದಿನಾ ಬೈತಿದ್ದೆ. ಈಗ ಅವನ್ನ ನೆನಸ್ಕೊಂಡ್ರ ಆ ದಿನಾನ ಕಣ್ಮುಂದ ಬರ್ತಾವ. ನಿನ್ನ ಹುಡುಗ ನಿನ್ನ ಜೋಡಿ ಯಾವಾಗ ಕುಂದರತಾನ, ಕೇಳಿಯೇನು?”

ಕೇಳಿರಲಿಲ್ಲ. ಅಲ್ಲೇ ಫೋನ್ ಹಚ್ಚಿದೆ. “ನಿಮಗ ಕೆಲಸ ಇಲ್ಲದ ತಿಂಗಳ ಯಾವ್ದರಿ?”

ಅಮರ ಹೆಮ್ಮೆಯಿಂದ ನಕ್ಕ. “ಒಂದೂ ಇಲ್ಲ. ಅತ್ತಿಯಾರಿಗೆ ಚಿಂತಿ ಬ್ಯಾಡ ಅಂತ ಹೇಳ್ರಿ. ಹಾಂ, ಗಿರಾಕಿ ಬಂದಾರ, ಆಮ್ಯಾಲ...”

ಈ ವರ್ಷದಲ್ಲಿ ಅವನೊಡನೆ ಪೂರ್ತಿಯಾಗಿ ಆಡಿದ ಒಂದು ಮಾತನ್ನಾದರೂ ನೆನೆಯಲು ನೋಡಿದೆ; ಒಂದೂ ನೆನಪಾಗಲಿಲ್ಲ. ಅತ್ತಿ ನನ್ನತ್ತ ನೋಡದೆ ಮತ್ತೆ ರೊಟ್ಟಿ ಬಡಿಯತೊಡಗಿದ್ದಳು.

“ಅತ್ತಿ,” ಎಂದೆ, “ಇನ್ನೊಂದ್ ವರ್ಷ ತಡೀಲೇನು?”